ಬೆಡ್‌ಶೀಟಿನ ಇನ್ನೊಂದು ತುದಿ

"ಗಟ್ಟಿಯಾಗಿ ಹಿಡ್ಕೋ ಕಣೆ ಪಿಟೀಲು, ಗಾಳಿ ಬರ್ತಿದೆ," ಎಂದಳು ಅಜ್ಜಿ.

ಪಿಟೀಲು ಬೆಡ್‌ಶೀಟಿನ ಎರಡು ಮೂಲೆಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಆ ತುದಿಯಲ್ಲಿ ಅಜ್ಜಿ, ಈ ತುದಿಯಲ್ಲಿ ಅವಳು. ನಡುವೆ ಬಿಳಿ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು. ಅಜ್ಜಿಯ ಮುಖ ಮಾಯವಾಯಿತು. ಗಾಳಿ ಇಳಿದ ಮೇಲೆ ಮತ್ತೆ ಕಂಡಿತು.

"ಈಗ ನನ್ನ ಕಡೆ ನಡ್ಕೊಂಡು ಬಾ."

ಪಿಟೀಲು ನಡೆದು ಬಂದಳು. ಅಜ್ಜಿಯೂ ನಡೆದು ಬಂದಳು. ಮೂಲೆಗೆ ಮೂಲೆ ಸೇರಿತು, ಕೈಗೆ ಕೈ ತಾಗಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಅಷ್ಟು ದೊಡ್ಡ ಬೆಡ್‌ಶೀಟು ನೋಡನೋಡುತ್ತಲೇ ಪುಸ್ತಕದಷ್ಟು ಚಿಕ್ಕದಾಯಿತು.

ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಹುಟ್ಟಿದ ಹೊಸದರಲ್ಲಿ ಒಂದೇ ರಾಗ ಹಿಡಿದು ಅಳುತ್ತಿದ್ದಳಂತೆ. "ಶುರುವಾಯ್ತು ನೋಡು ಪಿಟೀಲು," ಎಂದು ಅಜ್ಜ ಅಂದದ್ದೇ ಮನೆಯಲ್ಲಿ ಹೆಸರಾಗಿಬಿಟ್ಟಿತು.

ಟೆರೇಸಿನ ತುಂಬ ತಂತಿಗಳು, ತಂತಿಗಳ ತುಂಬ ಬಿಳಿ ಬೆಡ್‌ಶೀಟುಗಳು. ಅವುಗಳ ನಡುವೆ ನಡೆದರೆ ಗೋಡೆಗಳೇ ಅಲ್ಲಾಡುವ ಮನೆಯೊಳಗೆ ಹೊಕ್ಕ ಹಾಗೆ. ಇಲ್ಲೊಂದು ಕೋಣೆ, ಅಲ್ಲೊಂದು ಓಣಿ. ಬಿಸಿಲು ಬಟ್ಟೆಯನ್ನು ದಾಟಿ ಬರುವಾಗ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಕೆಳಗಿನ ಪ್ರಾರ್ಥನಾ ಮಂದಿರದ ಗಂಟೆ ಬಾರಿಸಿದರೆ ಸದ್ದು ಎಲ್ಲಿಂದ ಬಂತೆಂದು ತಿಳಿಯುತ್ತಲೇ ಇರಲಿಲ್ಲ. ಒಮ್ಮೊಮ್ಮೆ ಪಿಟೀಲು ಅಲ್ಲೇ ನೆಲದ ಮೇಲೆ ಮಲಗಿ ಕಣ್ಣು ಮುಚ್ಚುತ್ತಿದ್ದಳು. ಅಜ್ಜಿಯ ಚಪ್ಪಲಿಯ ಸದ್ದು ಹತ್ತಿರ ಬಂದು ದೂರ ಹೋಗುತ್ತಿತ್ತು. ಇದು ಬೇರೆ ದೇಶ ಎನ್ನುವುದೇ ಆಗ ಮರೆತುಹೋಗುತ್ತಿತ್ತು.

ಆದರೆ ಬೇರೆ ದೇಶವೇ. ರಸ್ತೆಯ ಆಚೆ ದೊಡ್ಡ ಆಸ್ಪತ್ರೆ. ಈಚೆ ಪ್ರಾರ್ಥನಾ ಮಂದಿರದವರು ನಡೆಸುವ ತಂಗುಮನೆ. ದೂರದ ಊರುಗಳಿಂದ ರೋಗಿಗಳ ಜೊತೆ ಬಂದವರಿಗೆ ಇಲ್ಲಿ ಮಲಗಲು ಒಂದು ಮಂಚ, ಕುಡಿಯಲು ಬಿಸಿ ಟೀ. ಅಜ್ಜ ಅಜ್ಜಿ ಹೋದ ವರ್ಷ ಇಲ್ಲಿಗೆ ಸೇವೆಗೆಂದು ಬಂದವರು. ಸಂಬಳವಿಲ್ಲ. ಒಂದು ಕೋಣೆ, ಊಟ, ಎದೆಗೆ ಸಿಕ್ಕಿಸಿಕೊಳ್ಳಲು ನೀಲಿ ಬ್ಯಾಡ್ಜು, ಅಷ್ಟೆ.

ಅಜ್ಜ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದವನು. ಮನೆಯಲ್ಲಿ ಕುಡಿದ ಲೋಟ ಎತ್ತಿಟ್ಟವನಲ್ಲ. ಇಲ್ಲಿ ಸಿಂಕಿನ ಮುಂದೆ ನಿಂತು ಮಂದಿಯ ಲೋಟವನ್ನೆಲ್ಲ ತೊಳೆಯುತ್ತಿದ್ದ.

"ನಾಯಿ ಬಾಲ ಡೊಂಕು ಅಂತ ಸುಮ್ನಿದ್ದೆ," ಎನ್ನುತ್ತಿದ್ದಳು ಅಜ್ಜಿ, ಅವನಿಗೆ ಕೇಳುವ ಹಾಗೆಯೇ. "ದೇವ್ರು ಇಲ್ಲಿಗೆ ಕರ್ಕೊಂಡು ಬಂದು ನೆಟ್ಟಗೆ ಮಾಡ್ದ."

"ಲೋಟ ತೊಳೆಯೋನ ಹತ್ರ ಜಗಳ ಆಡ್ಬಾರ್ದು," ಎನ್ನುತ್ತಿದ್ದ ಅಜ್ಜ. "ನಾಳೆ ಟೀ ಕುಡಿಯೋಕೆ ಲೋಟ ಬೇಕಲ್ಲ."

ಪಿಟೀಲು ರಜೆಗೆ ಅಮ್ಮನ ಜೊತೆ ಬಂದಿದ್ದಳು. ಬರುವಾಗ ಹಟ ಮಾಡಿ ಒಂದು ದೊಡ್ಡ ಖಾಲಿ ಸೂಟ್‌ಕೇಸ್ ತಂದಿದ್ದಳು. ಅಜ್ಜ ಅಜ್ಜಿಯ ಬಟ್ಟೆ ತುಂಬಿಕೊಂಡು ಹೋಗಲು.

ಏಕೆಂದರೆ ಅವರ ಒಂದು ವರ್ಷ ಮುಗಿದಿತ್ತು. "ಇನ್ನೊಂದು ವರ್ಷ ಇರ್ತೀರಾ ಅಂತ ಕೇಳ್ತಿದ್ದಾರೆ. ಪಿಟೀಲು ಏನಂತಾಳೋ ನೋಡೋಣ," ಎಂದು ಅಜ್ಜ ಫೋನಿನಲ್ಲಿ ಹೇಳಿದ್ದ. ಪಿಟೀಲು ಏನನ್ನುತ್ತಾಳೆ ಎಂದು ಬೇರೆ ಕೇಳಬೇಕೆ? ಅಜ್ಜಿ ಇಲ್ಲಿಗೆ ಬಂದಾಗಿನಿಂದ ಮನೆಯ ಬೀಗದ ಕೈ ಅವಳ ಕೊರಳಲ್ಲೇ ನೇತಾಡುತ್ತಿತ್ತು. ಶಾಲೆಯಿಂದ ಬಂದು ಬಾಗಿಲು ತೆರೆದರೆ ಮಾತಾಡಿಸಲು ಫ್ರಿಜ್ ಒಂದೇ. ಅಪ್ಪನಿಗೆ ರಾತ್ರಿ ಶಿಫ್ಟು. ಅಮ್ಮ ಸಂಜೆ ಬಂದು ಬ್ಯಾಗ್ ಇಟ್ಟು, "ಒಂದ್ನಿಮಿಷ ಕಣೆ," ಎಂದು ಸೋಫಾದಲ್ಲಿ ಫೋನ್ ಹಿಡಿದು ಕೂತರೆ ಆ ನಿಮಿಷ ಮುಗಿಯುತ್ತಲೇ ಇರಲಿಲ್ಲ.

ಆದರೆ ಇಲ್ಲಿ ನೋಡಿದರೆ ಅಜ್ಜಿಗೆ ಕೈತುಂಬ ಕೆಲಸ. ಪಾಪ, ಬೆಡ್‌ಶೀಟ್ ಮಡಿಸಲು ಅವಳಿಗೆ ಒಬ್ಬರೂ ಸಹಾಯಕರಿಲ್ಲ. ಕಂಡಕಂಡವರನ್ನು ಕರೆದು ಇನ್ನೊಂದು ತುದಿ ಕೊಡುತ್ತಿದ್ದಳು. ಒಂದು ದಿನ ಮುದುಕಿಯೊಬ್ಬಳಿಗೆ, ಇನ್ನೊಂದು ದಿನ ಕನ್ನಡಕದ ಹುಡುಗಿಗೆ. ಅವರ ಭಾಷೆ ಅಜ್ಜಿಗೆ ಬರದು, ಅಜ್ಜಿಯ ಭಾಷೆ ಅವರಿಗೆ ಬರದು. ಬೆಡ್‌ಶೀಟಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಈ ವಾರ ಮೆಟ್ಟಿಲು ಮಾಮ ಬಂದಿದ್ದ. ಹಾಗೆ ಹೆಸರಿಟ್ಟವಳು ಪಿಟೀಲು. ಭಾರೀ ಎತ್ತರದ ಗಾರೆ ಕೆಲಸದವನು. ಅವನ ಪುಟ್ಟ ಮಗಳು ಎದುರಿನ ಆಸ್ಪತ್ರೆಯಲ್ಲಿದ್ದಳು. ಮಗುವಿನ ಹತ್ತಿರ ಒಬ್ಬರನ್ನು ಮಾತ್ರ ಬಿಡುತ್ತಾರೆ, ಅಲ್ಲಿ ಅವನ ಹೆಂಡತಿ ಇದ್ದಳು. ಇವನು ದಿನವಿಡೀ ತಂಗುಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಎರಡೂ ಕೈ ಮಂಡಿಯ ನಡುವೆ. ಅಷ್ಟು ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೇ ಗೊತ್ತಿಲ್ಲದ ಹಾಗೆ. ದಿನಕ್ಕೊಮ್ಮೆ ಅಜ್ಜಿ ಅವನ ಭುಜ ತಟ್ಟಿ, ಟೆರೇಸಿನ ಕಡೆ ಬೆರಳು ತೋರಿಸುತ್ತಿದ್ದಳು. ಅವನು ಎದ್ದು ಹಿಂದೆ ಬರುತ್ತಿದ್ದ.

ಆಮೇಲೆ ಪಿಟೀಲಿಗೆ ಮಶೀನು ಸಿಕ್ಕಿತು.

ಕೆಳಗಿನ ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿತ್ತು. ಮೇಲೊಂದು ಹಳೆ ಬಟ್ಟೆ, ಅದರ ಮೇಲೆ ಅಜ್ಜನ ಪೇಪರುಗಳು. ಬಟ್ಟೆ ಒಣಗಿಸುವ ಮಶೀನು! ಗುಂಡಿ ಒತ್ತಿದಳು. ಗುರ್ರ್ ಎಂದು ತಿರುಗಿತು. ಪಿಟೀಲು ಅಜ್ಜನ ಬಳಿ ಓಡಿದಳು.

"ಅಜ್ಜ, ಡ್ರೈಯರ್ ಇದೆ. ವರ್ಕ್ ಆಗ್ತಿದೆ."

"ಆಗ್ತದಲ್ಲ. ಮಳೆ ಬಂದಾಗ ಅದ್ರಲ್ಲೇ ಹಾಕೋದು."

"ಮತ್ತೆ ಬಿಸಿಲಿದ್ದಾಗ ಯಾಕೆ ಹಾಕಲ್ಲ?"

"ಅದನ್ನ ನಿಮ್ಮಜ್ಜಿನ ಕೇಳು. ನಂದು ಲೋಟದ ಡಿಪಾರ್ಟ್‌ಮೆಂಟು."

ಅಜ್ಜಿಯನ್ನು ಕೇಳಿದರೆ, "ಬಿಸಿಲಲ್ಲಿ ಒಣಗಿದ್ದರ ವಾಸನೆನೇ ಬೇರೆ," ಎಂದು ಪಿಟೀಲಿನ ಮೂಗಿಗೆ ಮಡಿಸಿದ ಬೆಡ್‌ಶೀಟು ಹಿಡಿದಳು.

ಪಿಟೀಲು ಮುಖ ಊದಿಸಿಕೊಂಡಳು. ವಾಸನೆಯಂತೆ! ವಾಸನೆಗೋಸ್ಕರ ಮನೆಗೆ ಬರುವುದಿಲ್ಲವೇ? ಕೆಲಸವನ್ನೆಲ್ಲ ಮಶೀನೇ ಮಾಡುತ್ತದೆಂದು ತೋರಿಸಿದರೆ ಅಜ್ಜಿಗೆ ಇಲ್ಲಿ ಏನು ಕೆಲಸ?

ಮರುದಿನ ಬೆಳಿಗ್ಗೆ ಅಮ್ಮ ಮತ್ತು ಅಜ್ಜಿ ಪ್ರಾರ್ಥನೆಗೆ ಹೋದರು. ಅಜ್ಜ ಆಸ್ಪತ್ರೆಗೆ ಹೋದ. ಒಗೆದ ಬೆಡ್‌ಶೀಟುಗಳು ಬುಟ್ಟಿಗಳಲ್ಲಿ ಒದ್ದೆಯಾಗಿ ಕಾಯುತ್ತಿದ್ದವು. ಪಿಟೀಲು ಒಂದೊಂದೇ ಬುಟ್ಟಿಯನ್ನು ಎಳೆದು ತಂದು ಮಶೀನಿಗೆ ತುಂಬಿದಳು. ಒಣಗಿದ್ದನ್ನು ತೆಗೆದು ನೆಲದ ಮೇಲೆ ಹರಡಿ, ಮಂಡಿಯೂರಿ ಮಡಿಸಿದಳು. ಒಂದು ಮೂಲೆ ಎಳೆದರೆ ಇನ್ನೊಂದು ಜಾರುತ್ತಿತ್ತು. ಅದು ಮಡಿಕೆಯಲ್ಲ, ಉಂಡೆ. ಆದರೂ ಬುಟ್ಟಿ ಖಾಲಿಯಾದಾಗ ಅವಳಿಗೆ ಎಲ್ಲಿಲ್ಲದ ಖುಷಿ.

ಆಮೇಲೆ ಟೆರೇಸಿಗೆ ಹೋಗಿ ಕಾದು ನಿಂತಳು. ತಂತಿಗಳು ಬೋಳಾಗಿದ್ದವು. ಕೋಣೆಯಿಲ್ಲ, ಓಣಿಯಿಲ್ಲ. ರಸ್ತೆಯಾಚೆಯ ಆಸ್ಪತ್ರೆ ಮೊದಲ ಸಲ ಇಡಿಯಾಗಿ ಕಾಣಿಸಿತು.

ಅಜ್ಜಿ ಮೇಲೆ ಬಂದಳು. ಅವಳ ಹಿಂದೆ ಮೆಟ್ಟಿಲು ಮಾಮ.

"ಸರ್‌ಪ್ರೈಸ್ ಅಜ್ಜಿ," ಎಂದಳು ಪಿಟೀಲು. "ಎಲ್ಲ ಒಣಗಿಸಿ ಮಡಚಿಟ್ಟಿದೀನಿ. ನಿಂಗೆ ಇವತ್ತು ಕೆಲ್ಸಾನೇ ಇಲ್ಲ."

ಅಜ್ಜಿ ಬೈಯಲಿಲ್ಲ. ತಂತಿಗಳನ್ನು ನೋಡಿದಳು. ಆಮೇಲೆ ಮಾಮನನ್ನು ನೋಡಿದಳು.

"ಇವತ್ತು ಅವನ ಮಗಳಿಗೆ ಆಪರೇಷನ್ ಕಣೆ," ಎಂದಳು ಮೆಲ್ಲಗೆ. "ಈಗ ನಡೀತಾ ಇದೆ. ಬ್ಯಾಡ್ಜ್ ಇದೆ ಅಂತ ನಿಮ್ಮಜ್ಜನ್ನ ಒಳಗೆ ಬಿಡ್ತಾರೆ, ಸುದ್ದಿ ತರೋಕೆ ಹೋಗಿದಾರೆ."

ಮೆಟ್ಟಿಲು ಮಾಮ ಟೆರೇಸಿನ ನಡುವೆ ನಿಂತಿದ್ದ. ಬಟ್ಟೆ ಎಲ್ಲಿ ಎಂದು ಅವನ ಕಣ್ಣು ಹುಡುಕುತ್ತಿತ್ತು. ಕೈಗಳು ಎರಡೂ ಪಕ್ಕಕ್ಕೆ ನೇತಾಡುತ್ತಿದ್ದವು. ಬೆರಳುಗಳು ಅಂಗಿಯ ಅಂಚನ್ನೇ ಮಡಚುತ್ತ ಬಿಚ್ಚುತ್ತ ಇದ್ದದ್ದು ಪಿಟೀಲಿಗೆ ಕಂಡಿತು.

ಅವಳು ಮೆಟ್ಟಿಲಿಳಿದು ಓಡಿದಳು. ಉಂಡೆಗಳಲ್ಲಿ ಹಿಡಿದಷ್ಟನ್ನು ಅಪ್ಪಿಕೊಂಡು, ಗಲ್ಲದಿಂದ ಒತ್ತಿ ಹಿಡಿದು, ಏದುಸಿರು ಬಿಡುತ್ತ ಮೇಲೆ ಬಂದಳು. ಒಂದನ್ನು ಕೊಡವಿ ಬಿಚ್ಚಿ, ಎರಡು ಮೂಲೆಗಳನ್ನು ಅವನ ಮುಂದೆ ಚಾಚಿದಳು.

"ಮಾಮ, ನಾನು ಸರಿಯಾಗಿ ಮಡಚಿಲ್ಲ. ಹಿಡ್ಕೋತೀರಾ?"

ಅವನಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಹಿಡಿದುಕೊಂಡ.

ಅವನದು ಬಾಗಿಲಿನ ಎತ್ತರ, ಅವಳದು ಕಿಟಕಿಯ ಎತ್ತರ. ಅವಳ ಕಡೆಯ ಬಟ್ಟೆ ನೆಲ ಗುಡಿಸುತ್ತಿತ್ತು. ಮಾಮ ಅದನ್ನು ನೋಡಿ ಬಾಗಿದ. ಸಾಲಲಿಲ್ಲ. ಕೊನೆಗೆ ಮಂಡಿಯೂರಿ ಕೂತ. ಈಗ ಇಬ್ಬರೂ ಸರಿಸಮ. ಪಿಟೀಲು ನಡೆದು ಬಂದಳು, ಅವನು ಮಂಡಿಯ ಮೇಲೆ ಒಂದೊಂದೇ ಹೆಜ್ಜೆ ಸರಿದು ಬಂದ. ಮೂಲೆಗೆ ಮೂಲೆ ಸೇರಿತು. ಅವನ ಬೆರಳುಗಳು ಇಟ್ಟಿಗೆಯ ಹಾಗೆ ಒರಟಾಗಿದ್ದವು, ಬಟ್ಟೆಯ ಎಳೆಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಆದರೆ ಅವನು ಕೂಡಿಸಿದ ಮೂಲೆ ಒಂದು ಕೂದಲಿನಷ್ಟೂ ಆಚೀಚೆ ಇರಲಿಲ್ಲ.

ಒಂದಾಯಿತು. ಇನ್ನೊಂದು ಬಿಚ್ಚಿದರು. ಅಜ್ಜಿ ಉಳಿದ ಉಂಡೆಗಳನ್ನು ತಂದು ಪಕ್ಕದಲ್ಲಿಟ್ಟು, ಗೋಡೆಗೊರಗಿ ಕೂತಳು. ಗಾಳಿ ಬಂದಾಗ ಮಾಮನ ಮುಖ ಮಾಯವಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಒಮ್ಮೆ ಹಾಗೆ ಮಾಯವಾಗಿ ಬಂದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಪಿಟೀಲು ಬಟ್ಟೆಯನ್ನು ಬಿಗಿಮಾಡಿದಳು. ಅವನ ಕಡೆ ನಡೆದು ಹೋದಳು, ಅಷ್ಟೆ. ನೆರಳು ಗೋಡೆಯ ಬುಡದಿಂದ ಅವರ ಕಾಲಿನವರೆಗೆ ಬಂತು.

ಮೆಟ್ಟಿಲ ಮೇಲೆ ಅಜ್ಜನ ಕೆಮ್ಮು ಕೇಳಿಸಿದಾಗ ಕೊನೆಯ ಬೆಡ್‌ಶೀಟು ಅರ್ಧ ಮಡಿಕೆಯಲ್ಲಿತ್ತು. ಅಜ್ಜ ಏದುಸಿರು ಬಿಡುತ್ತ ಬಂದು, ಮಾಮನ ಭಾಷೆ ಬಾರದ್ದಕ್ಕೆ, ತಲೆಯ ಕೆಳಗೆ ಕೈಯಿಟ್ಟು ಮಲಗಿದಂತೆ ಮಾಡಿದ. ಆಮೇಲೆ ಕಣ್ಣು ತೆರೆದಂತೆ ಮಾಡಿದ. ಆಮೇಲೆ ಲೋಟ ಎತ್ತಿ ನೀರು ಕುಡಿದಂತೆ ಮಾಡಿ ನಕ್ಕ.

ಮೆಟ್ಟಿಲು ಮಾಮ ನೋಡುತ್ತಲೇ ಇದ್ದ. ಆಮೇಲೆ ತನ್ನ ಕೈಯಲ್ಲಿದ್ದ ಮೂಲೆಗಳನ್ನು ಪಿಟೀಲಿನ ಕೈಗೆ ಜೋಪಾನವಾಗಿ ಕೊಟ್ಟು, ಎದ್ದು ಓಡಿದ. ಅಷ್ಟು ದೊಡ್ಡ ಮನುಷ್ಯ ಅಷ್ಟು ಜೋರಾಗಿ ಓಡಿದ್ದನ್ನು ಪಿಟೀಲು ಎಂದೂ ನೋಡಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಅಜ್ಜಿ ಖಾಲಿ ಸೂಟ್‌ಕೇಸನ್ನು ಮಂಚದ ಮೇಲೆ ತೆರೆದಿಟ್ಟಳು.

"ಏನಮ್ಮ ಪಿಟೀಲು, ನಮ್ ಬಟ್ಟೆ ತುಂಬೋಣ್ವಾ?"

ಅಜ್ಜ ಲೋಟ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಮ್ಮ ಮಂಚದ ತುದಿಯಲ್ಲಿ ಕೂತಿದ್ದಳು. ಹೂಂ ಎನ್ನಬೇಕೆಂದು ಪಿಟೀಲಿಗೆ ತುಂಬ ಆಸೆಯಿತ್ತು.

"ಹರಿದಿರೋ ಬೆಡ್‌ಶೀಟ್ ಇದ್ರೆ ಒಂದು ಕೊಡು ಅಜ್ಜಿ," ಎಂದಳು. ಸೂಟ್‌ಕೇಸಿನ ಮುಚ್ಚಳ ಇಳಿಸಿ, "ಇನ್ನೊಂದು ವರ್ಷ ತಾನೆ," ಎಂದಳು. ದನಿ ಪಿಟೀಲಿನಂತೆಯೇ ಬಂತು.

ಅಜ್ಜಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ನೀಲಿ ಬ್ಯಾಡ್ಜು ಕೆನ್ನೆಗೆ ಚುಚ್ಚಿತು. ಪಿಟೀಲು ಹಾಗೇ ಇದ್ದಳು.

ಊರಿಗೆ ಬಂದ ವಾರದಲ್ಲೇ ಶಾಲೆ ಶುರುವಾಯಿತು. ಬೀಗದ ಕೈ ಮತ್ತೆ ಕೊರಳಿಗೆ ಬಂತು. ಪಿಟೀಲು ಅಂಚು ಹರಿದ ಬೆಡ್‌ಶೀಟನ್ನು ಒಗೆದು ಬಾಲ್ಕನಿಯಲ್ಲಿ ಹರವಿದ್ದಳು. ಸಂಜೆ ಅದನ್ನು ತೆಗೆದು ಮೂಗಿಗೆ ಹಿಡಿದಳು. ಅಜ್ಜಿ ಹೇಳಿದ್ದು ಸುಳ್ಳಲ್ಲ.

ಅಮ್ಮ ಬಂದಳು. ಬ್ಯಾಗ್ ಇಟ್ಟು ಸೋಫಾದಲ್ಲಿ ಕುಸಿದಳು. ಫೋನ್ ಕೈಗೆ ಬಂತು. "ಒಂದ್ನಿಮಿಷ ಕಣೆ," ಎಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು.

ಪಿಟೀಲು ಎದುರಿಗೆ ಬಂದಳು. ಬೆಡ್‌ಶೀಟಿನ ಎರಡು ಮೂಲೆಗಳನ್ನು ಅಮ್ಮನ ಮುಂದೆ ಚಾಚಿ ನಿಂತಳು.

ಅಮ್ಮ ಮೂಲೆಗಳನ್ನು ನೋಡಿದಳು, ಮಗಳನ್ನು ನೋಡಿದಳು. ಫೋನ್ ಕೆಳಗಿಟ್ಟು ಎದ್ದಳು. ಇಬ್ಬರೂ ಕೋಣೆಯ ಎರಡು ಕೊನೆಗೆ ಹೋಗಿ ನಿಂತರು. ಬಟ್ಟೆ ಉಬ್ಬಿ ಇಳಿಯಿತು. ಪಿಟೀಲು ನಡೆದು ಬಂದಳು, ಅಮ್ಮನೂ ನಡೆದು ಬಂದಳು. ಮೂಲೆಗೆ ಮೂಲೆ ಸೇರಿತು. ಅಮ್ಮನ ಕೈ ಬೆಚ್ಚಗಿತ್ತು.

ಬೆಡ್‌ಶೀಟು ಪುಸ್ತಕದಷ್ಟು ಚಿಕ್ಕದಾಯಿತು. ಪಿಟೀಲು ಅದನ್ನು ಕಪಾಟಿನಲ್ಲಿಡಲು ಹೊರಟಳು.

"ತಡಿ," ಎಂದಳು ಅಮ್ಮ. ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಕೊಡವಿ, ಪೂರ್ತಿ ಬಿಚ್ಚಿದಳು. "ಇನ್ನೊಂದ್ಸಲ ಮಡಚೋಣ."