ನೋಡಬಹುದು, ಮುಟ್ಟುವಂತಿಲ್ಲ

"ಮೌಸ್‌ನಿಂದ ಕೈ ತೆಗೀರಿ."

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳ ಕೈ ತಾನಾಗಿಯೇ ಮೇಲೆದ್ದಿತು. ಪರದೆಯ ನಡುವೆ ಒಂದು ಪುಟ್ಟ ಚೌಕ ಕೇಳುತ್ತಿತ್ತು: ಈ ಟೇಬಲ್ ಅಳಿಸಬೇಕೇ?

"ನಾನು ಹೆಸರು ಬದಲಾಯಿಸೋಕೆ ಹೋಗಿದ್ದೆ..."

"ಎಲ್ಲರೂ ಹಾಗೇ ಹೋಗೋದು. ಹೆಸರು ಬದಲಿಸೋದು, ಅಳಿಸೋದು ಎರಡೂ ಒಂದರ ಕೆಳಗೊಂದು ಇವೆ ನೋಡಿ." ಅವನು ಬಗ್ಗಿ 'ಇಲ್ಲ' ಒತ್ತಿದ. ಅವನ ತೋಳು ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. "ಹೊಸಬರಾ? ಸ್ವಲ್ಪ ದಿನ ಹೆದರಿಕೊಂಡೇ ಒತ್ತಿ."

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಪ್ರಯೋಗಕ್ಕೆಂದು ಇಟ್ಟ ಡೇಟಾಬೇಸ್ ಅವನ ಉಸ್ತುವಾರಿ. ಹೆಸರಿಗಷ್ಟೇ ಬೀಗ. ಇಡೀ ತಂಡ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್ ಹಿಡಿದು ಒಳಗೆ ಹೋಗುತ್ತಿತ್ತು. ಎಡಗಡೆ ಟೇಬಲ್‌ಗಳೆಂಬ ಮಾಹಿತಿ ಪಟ್ಟಿಗಳು, ಬಲಗಡೆ ಅವುಗಳ ಹೊಟ್ಟೆಯೊಳಗಿನ ಸಾಲುಗಳು. ಎಲ್ಲವನ್ನೂ ಮೌಸ್ ಒತ್ತಿಯೇ ಮಾಡುವುದು. ಒತ್ತಿದ್ದು ಯಾರೆಂದು ದೇವರಿಗೂ ತಿಳಿಯುತ್ತಿರಲಿಲ್ಲ.

ನಿಜದಲ್ಲಿ ಇಲ್ಲದ ರೋಗಿಗಳನ್ನು ಹುಟ್ಟಿಸಿ ಅದರೊಳಗೆ ತುಂಬುವುದು ಅವಳ ಕೆಲಸ. ಊಟದ ಹೊತ್ತಿಗೆ ಅವನು ಕುರ್ಚಿ ಎಳೆದುಕೊಂಡು ಬರತೊಡಗಿದ.

"ಈ ಯಜಮಾನರಿಗೆ ಏನು ಕಾಯಿಲೆ?"

"ಹೆಂಡತಿ ಮಾತು ಕೇಳಿಸಲ್ವಂತೆ. ಬೇರೆಯವರದ್ದೆಲ್ಲ ಚೆನ್ನಾಗಿ ಕೇಳಿಸುತ್ತೆ."

"ಅದು ಕಾಯಿಲೆ ಅಲ್ಲ ಮಾರಾಯ್ರೇ, ಅನುಭವ."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮನೆಯಲ್ಲಿ ಅಕ್ಕ ಕಣ್ಣು ಕಿರಿದಾಗಿಸಿ ನೋಡಿದಳು. "ಏನೇ, ಡಬ್ಬಿ ಇಬ್ಬರಿಗಾಗೋ ಹಾಗೆ ತುಂಬ್ತಿದ್ದೀಯ?"

"ಹಸಿವು ಜಾಸ್ತಿ ಆಗಿದೆ ಕಣೇ."

ಅಕ್ಕನ ಮನೆಯ ಹಾಲ್‌ನಲ್ಲೇ ಅವಳ ಹಾಸಿಗೆ. ಭಾವ ಟಿವಿ ಆರಿಸಿದ ಮೇಲೆ ಮಾತ್ರ ಅದನ್ನು ಬಿಡಿಸಬಹುದಿತ್ತು. ಕೆಲಸವೊಂದು ಖಾಯಂ ಆದರೆ ಬಾಗಿಲಿರುವ ಒಂದು ಕೋಣೆ, ಅದರ ಕೀಲಿ ತನ್ನ ಕೈಯಲ್ಲಿ... ಅಷ್ಟೇ ಅವಳ ಆಸೆ. ಈಚೆಗೆ ಆ ಕೋಣೆಯಲ್ಲಿ ಅವನೂ ಕಾಣಿಸತೊಡಗಿದ್ದ.

ಆಸ್ಪತ್ರೆಯವರು ಕೆಲಸ ನೋಡಲು ಬರುವ ದಿನ ಬೆಳಿಗ್ಗೆ ರೋಗಿಗಳ ಟೇಬಲ್ ಇರಲಿಲ್ಲ. ಯಾರೋ ಅಳಿಸಿದ್ದರು. ಹಳೆಯ ಪ್ರತಿಯಿಂದ ಅರ್ಧಂಬರ್ಧ ಮರಳಿ ಬಂದದ್ದನ್ನು ನೋಡಿ ಬಂದವರು ಮುಖ ಗಂಟಿಕ್ಕಿಕೊಂಡು ಹೋದರು. ಅಳಿಸಿದ್ದು ತಾನೆಂದು ಯಾರೂ ಒಪ್ಪಲಿಲ್ಲ. ಕಣ್ಣುಗಳು ಮಾತ್ರ ಹೊಸಬಳ ಕಡೆ ತಿರುಗಿದವು.

"ನಾನಲ್ಲ," ಎಂದಳು, ಅವನೊಬ್ಬನಿಗೆ.

"ಗೊತ್ತು," ಎಂದ.

ಆ ಒಂದು ಮಾತನ್ನು ಅಪ್ಪಿಕೊಂಡು ಮಲಗಿದಳು. ಮರುದಿನ ಪಾಸ್‌ವರ್ಡ್ ಬದಲಾಗಿತ್ತು. ಹೊಸದು ಎಲ್ಲರಿಗೂ ತಿಳಿದಿತ್ತು, ಅವಳೊಬ್ಬಳನ್ನು ಬಿಟ್ಟು. ಅವಳಿಗೆ ಅವನು ಬೇರೆಯೇ ಲಾಗಿನ್ ಕಳಿಸಿದ್ದ. ಅದರಿಂದ ಒಳಗೆ ಹೋದರೆ ಸೇರಿಸು, ತಿದ್ದು, ಅಳಿಸು ಎಲ್ಲವೂ ಬೂದು ಬಣ್ಣಕ್ಕೆ ತಿರುಗಿ ಕೂತಿದ್ದವು. ನೋಡಬಹುದು, ಮುಟ್ಟುವಂತಿಲ್ಲ.

'ಗೊತ್ತು ಅಂದಿದ್ದು ಇದನ್ನಾ?'

ಅವಳು ಕೇಳಲಿಲ್ಲ. ಕೇಳಬಾರದೆಂದು ಹಲ್ಲು ಕಚ್ಚಿದಳು. ಒಂದೊಂದು ಸಾಲು ಸೇರಿಸಲೂ ಪಕ್ಕದವರನ್ನು ಬೇಡಿದಳು, ಊಟಕ್ಕೆ ಒಬ್ಬಳೇ ಎದ್ದು ಹೋದಳು. ಅವನೋ, ದೊಡ್ಡ ಉಪಕಾರ ಮಾಡಿದ ಗುಂಗಿನಲ್ಲಿ, ಅವಳೇ ಬಂದು ನಗುತ್ತಾಳೆಂದು ಕಾಯುತ್ತಿದ್ದ. ಪೆದ್ದ.

ತಿಂಗಳ ಕೊನೆಗೆ ಮ್ಯಾನೇಜರ್ ಕರೆದರು. "ನೋಡಮ್ಮ, ಅವನೇ ನಿನ್ನ ಕೈ ಕಟ್ಟಿ ಕೂರಿಸಿದ್ದಾನೆ. ಇನ್ನು ನಾನು ಬೇರೆ ಸಾಕ್ಷಿ ಹುಡುಕಲಾ?"

ಕೆಲಸ ಖಾಯಂ ಆಗಲಿಲ್ಲ. ಹೋಯಿತು.

ಚೀಲ ಹೆಗಲಿಗೇರಿಸಿ ಇಳಿಯುತ್ತಿದ್ದವಳನ್ನು ಅವನು ಮೆಟ್ಟಿಲ ತಿರುವಿನಲ್ಲಿ ಹಿಡಿದ. ಏದುಸಿರು ಬಿಡುತ್ತಿದ್ದ.

"ಮತ್ತೆ ಏನಾದ್ರೂ ಕಳೆದುಹೋದ್ರೆ ನಿಮ್ಮ ತಲೆಗೇ ಕಟ್ತಿದ್ರು. ನಿಮ್ಮ ಕೈಗೇ ಸಿಗದ ಹಾಗೆ ಮಾಡಿದ್ರೆ ಯಾರೂ ಏನೂ ಅನ್ನೋಕಾಗಲ್ಲ ಅಂದ್ಕೊಂಡೆ. ಮ್ಯಾನೇಜರ್‌ಗೆ ಈಗಷ್ಟೇ ಹೇಳಿ ಬಂದೆ. ಅವರು ತಲೆ ಎತ್ತಿ ನೋಡಲೂ ಇಲ್ಲ."

ಅವಳಿಗೆ ನಗು ಬಂತು, ಕಹಿಯಾದ ನಗು. ಅವನು ಅನುಮಾನಪಟ್ಟಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು. ಬೇಡ ಅನ್ನೋಕಾದ್ರೂ ಬಿಡಬೇಕಿತ್ತು."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ. "ನನಗೆ ನೀವು ಅಂದ್ರೆ... ಅದಕ್ಕೇ ಹಾಗೆ ಮಾಡಿದ್ದು."

"ಗೊತ್ತು. ನನಗೂ ಹಾಗೇ ಇತ್ತು. ಈಗಲೂ ಇದೆ, ಏನ್ಮಾಡ್ಲಿ?" ಅವಳು ಚೀಲವನ್ನು ಮತ್ತೆ ಹೆಗಲಿಗೆಳೆದುಕೊಂಡಳು. "ಆದ್ರೆ ಇವತ್ತು ನಾನು ಮತ್ತೆ ಅಕ್ಕನ ಮನೆ ಹಾಲ್‌ಗೇ ಹೋಗಿ, ಭಾವ ಟಿವಿ ಆರಿಸೋವರೆಗೆ ಕೂತಿರಬೇಕು. ನೀವಲ್ಲ."

ಅವಳು ಎರಡು ಮೆಟ್ಟಿಲು ಇಳಿದಳು.

"ಬೇರೆ ಕಡೆ ಕೆಲಸಕ್ಕೆ ನಿಮ್ಮ ಪರವಾಗಿ ಮಾತಾಡ್ಲಾ? ಬೇಡ ಅಂದ್ರೆ ಬೇಡ."

"ಬೇಡ."

"ಆಯ್ತು." ಅವಳು ಮತ್ತೊಂದು ಮೆಟ್ಟಿಲು ಇಳಿದಾಗ ಕೇಳಿದ, "ಕಾಯಲಾ?"

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು, ಸಿಟ್ಟು ಇಳಿದಿರಲಿಲ್ಲ.

"ಇದನ್ನಾದ್ರೂ ಕೇಳಿದ್ರಲ್ಲ... ಕಾಯಿರಿ. ಎಷ್ಟು ದಿನ ಅಂತ ಮಾತ್ರ ಕೇಳಬೇಡಿ."