ಬೆನ್ನಿನ ಗುರುತು

“ಒಳಗೆ ಏನ್ ಬೇಕಾದ್ರೂ ನೋಡಪ್ಪಾ, ತೊಟ್ಟಿಲು ಮಾತ್ರ ಮುಟ್ಟಬೇಡ,” ಎಂದಳು ಬಂಗಲೆ ಕಾಯುವ ಕರುಪ್ಪಾಯಿ. ಬೀಗದ ಕೈ ಕೊಟ್ಟವಳು ಹೊಸ್ತಿಲಿಗೆ ಮೂರು ಮಾರು ದೂರವೇ ನಿಂತಳು.

“ಯಾಕಜ್ಜಿ, ಕಚ್ಚುತ್ತಾ?” ನಾಚಿಯಪ್ಪನ್ ನಕ್ಕ.

“ಖಾಲಿ ತೊಟ್ಟಿಲು ತೂಗಬಾರದು ಅಂತ ನಿಮ್ಮವ್ವ ಹೇಳಿಕೊಡ್ಲಿಲ್ವಾ? ಮೊಲೆಯೂಡಿಸೋಕೆ ಬಂದವಳು ಇಟ್ಟ ಮಾಟ ಅದು. ಈ ಮನೆ ಮಗು ಅವಳ ಹಾಲು ಕುಡಿದು ಬೆಳೀತು, ಅವಳ ಕೂಸು ಹಸಿದು ಸತ್ತುಹೋಯ್ತು. ‘ಇದನ್ನ ತೂಗಿದವರ ಮಗು ಇದರಲ್ಲೇ ಮಲಗಲಿ’ ಅಂತ ಶಾಪ ಹಾಕಿ ಹೋದ್ಲು. ನಿನ್ನ ಹೆಂಡ್ತಿ ಬೇರೆ ತುಂಬು ಬಸುರಿ ಅಂತೀಯ.”

“ಹದಿನಾಲ್ಕು ವರ್ಷ ಕಾದು ಆದ ಬಸಿರು. ಅದೂ ಡಾಕ್ಟರಿಂದ, ನಿನ್ನಂಥವರ ತಾಯಿತದಿಂದಲ್ಲ. ಹೋಗಜ್ಜಿ, ಎಲೆ ಅಡಿಕೆ ಹಾಕ್ಕೊಂಡು ಕೂತ್ಕೋ.”

ಚೆಟ್ಟಿನಾಡಿನ ಪಾಳು ಬಂಗಲೆಗಳಲ್ಲಿ ಸುಳಿವು ಹುಡುಕಿ, ಅಲ್ಲಿದ್ದವರು ಹೇಗೆ ಬದುಕಿದ್ದರೆಂದು ಬರೆದುಕೊಡುವುದು ಅವನ ಕಸುಬು. ಆ ಬಂಗಲೆಗಳನ್ನು ಕೊಂಡು ಹೋಟೆಲು ಮಾಡುವವರಿಗೆ ಅಂಥ ಕತೆ ಬೇಕು. ಊರವರೆಲ್ಲ ಕುರಿಗಳು, ಕಣ್ಣಿರುವವನು ತಾನೊಬ್ಬನೇ ಎಂಬ ಜಂಭ ಅವನಿಗೆ. ಕಣ್ಣೇನೋ ಇತ್ತು, ಮಹಾರಾಯನಿಗೆ ಕಿವಿ ಇರಲಿಲ್ಲ.

ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಬಾವಲಿ ಹಿಕ್ಕೆಯ ಘಾಟು, ಮುಗ್ಗಿದ ಭತ್ತದ ವಾಸನೆ. ರುಬ್ಬುಗಲ್ಲು ಎಡಕ್ಕೆ ಸವೆದಿತ್ತು. ಅಡುಗೆಯವಳು ಎಡಚಿ ಎಂದು ಬರೆದುಕೊಂಡ. ಕಡೆಯ ಕೋಣೆಯ ಕತ್ತಲಲ್ಲಿ ಟಾರ್ಚ್ ಹಾಕಿದ. ಬರ್ಮಾ ತೇಗದ ತೊಟ್ಟಿಲು, ಹಿತ್ತಾಳೆ ಸರಪಳಿ. ಕೊಂಡಿ ದಾರದಷ್ಟು ತೆಳ್ಳಗೆ ಸವೆದಿತ್ತು. ಸುಣ್ಣದ ಗಾರೆಗೆ ಮೊಟ್ಟೆಯ ಬಿಳಿ ಕಲಸಿ ಉಜ್ಜಿದ ಗೋಡೆ ಇನ್ನೂ ಫಳಫಳ ಎನ್ನುತ್ತಿತ್ತು, ಕುಳಿತವರ ಬೆನ್ನು ತಾಗುವಷ್ಟು ಜಾಗ ಮಾತ್ರ ಮಾಸಿತ್ತು. ನೆಲದಲ್ಲಿ ಎರಡು ಹಿಮ್ಮಡಿಯ ಕುಳಿಗಳು.

“ಯಾವಳೋ ಇಲ್ಲೇ ಕೂತು ವರ್ಷಗಟ್ಟಲೆ ತೂಗಿದ್ದಾಳೆ. ಮಗುವೇನು ಮುದುಕ ಆಗೋವರೆಗೂ ಮಲಗಿತ್ತಾ?” ಎಂದು ತನ್ನ ಮಾತಿಗೆ ತಾನೇ ನಕ್ಕ. “ಅಜ್ಜೀ, ತೂಗ್ತಾ ಇದೀನಿ, ಕೇಳ್ತಾ?”

ಒಂದೇ ಸಲ ನೂಕಿದ. ಕಿರ್ರ್.

ಹಗುರವಾಗಿ ಹೋದ ತೊಟ್ಟಿಲು ಭಾರವಾಗಿ ವಾಪಸು ಬಂತು. ಹಸಿ ಹಾಲಿನ ವಾಸನೆ ಬಂತು. ಬಗ್ಗಿ ನೋಡಿದ. ಏನೂ ಇರಲಿಲ್ಲ. ಹಾಸಿದ ಬಟ್ಟೆ ಮಾತ್ರ ನಡುವೆ ತಗ್ಗಾಗಿತ್ತು. ತೊಟ್ಟಿಲನ್ನು ಹಿಡಿದು ನಿಲ್ಲಿಸಿದ.

ಫೋನು ಬಡಿದುಕೊಂಡಿತು. ಹೆಂಡತಿ ತೇನಮ್ಮೈ.

“ರೀ, ಮಗು ಅಲ್ಲಾಡ್ತಿಲ್ಲ! ಈಗ ತಾನೇ ಒದೀತಿತ್ತು. ಹೊಟ್ಟೆ ತಣ್ಣಗಾಗಿದೆ ರೀ!”

ಅವನ ಕೈ ತಾನಾಗಿಯೇ ನೂಕಿತು. ಕಿರ್ರ್.

“ಹಾಂ! ಒದೀತು!”

ಕೈ ಬಿಟ್ಟ. ತೊಟ್ಟಿಲು ನಿಧಾನಿಸಿತು. ನಿಂತಿತು.

“ಇಲ್ಲ ರೀ, ಮತ್ತೆ ನಿಂತುಹೋಯ್ತು!”

ನೂಕಿದ. ಮತ್ತೆ ನೂಕಿದ. ಕಿರ್ರ್. ಕಿರ್ರ್.

ಹೊರಗಿನಿಂದ ಕಿಟಕಿಯ ಕದ ತೆರೆದುಕೊಂಡಿತು; ಸರಳಿನಾಚೆ ಕರುಪ್ಪಾಯಿಯ ಮುಖ. “ತೂಗಿಬಿಟ್ಯಾ?”

“ಬಿಡಿಸಜ್ಜಿ. ನಿನ್ನ ಕಾಲಿಗೆ ಬೀಳ್ತೀನಿ.”

“ಬಿಡಿಸೋಕೆ ಬರೋ ಹಾಗಿದ್ರೆ ಈ ಮನೆ ಯಜಮಾನಿ ಯಾಕೆ ನಲವತ್ತು ವರ್ಷ ತೂಗ್ತಿದ್ಲು? ಶಾಪ ಕೇಳಿ ನಿನ್ನ ಹಾಗೇ ನಕ್ಕು ತೂಗಿದೋಳು ಅವಳೂ. ಕಾಲಿಗೆ ಹಗ್ಗ ಕಟ್ಕೊಂಡು ನಿದ್ದೇಲೂ ತೂಗಿದ್ಲು. ಅವಳ ಕಾಲು ನಿಂತ ದಿನಾನೇ ಸಮುದ್ರದಾಚೆ ಪೆನಾಂಗಲ್ಲಿ ಮಗ ಸತ್ತ.” ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿದಳು. “ಕಚ್ಚುತ್ತಾ ಅಂತ ಕೇಳಿದ್ಯಲ್ಲ. ಹಗ್ಗ ತಂದುಕೊಡ್ತೀನಿ ಇರು. ಅನ್ನ ಕಿಟಕೀಲೇ ಕೊಡ್ತೀನಿ, ಅವಳಿಗೂ ಹಾಗೇ ಕೊಡ್ತಿದ್ದೆ.”

ನಾಚಿಯಪ್ಪನ್‌ ಸರಪಳಿ ಬಿಡದೆ ಗೋಡೆಗೆ ಒರಗಿ ಕುಳಿತ. ಬೆನ್ನು ಮಾಸಿದ ಜಾಗಕ್ಕೇ ತಾಗಿತು. ಹಿಮ್ಮಡಿಗಳು ಕುಳಿಗಳಲ್ಲಿ ಇಳಿದು ಸರಿಯಾಗಿ ಕೂತವು.

ಫೋನಿನಲ್ಲಿ ತೇನಮ್ಮೈ ಅಳುತ್ತಳುತ್ತಲೇ ನಗುತ್ತಿದ್ದಳು.

“ಈಗ ಚೆನ್ನಾಗಿ ಒದೀತಿದೆ ರೀ. ಸಂಜೆ ಊಟಕ್ಕೆ ಬಂದುಬಿಡ್ತೀರಲ್ಲ?”