ಕಡಲು ತಿಂದ ಮನೆಯ ಫೋಟೊ

2012ರ ಸೆಪ್ಟೆಂಬರ್ 24, ಸೋಮವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬೈಂದೂರು ಠಾಣೆಯ ಜಗಲಿಗೆ ಮೊದಲು ಒಂದು ತಗಡಿನ ಟ್ರಂಕು ಬಂತು, ಅದರ ಹಿಂದೆ ಅದರ ಯಜಮಾನಿ ಬಂದಳು. ಹೆಸರು ವನಜ, ವಯಸ್ಸು ನಲವತ್ತೆಂಟು, ಹುಟ್ಟೂರು ನಾವುಂದ, ಕೆಲಸ ಮುಂಬಯಿ ಬಂದರಿನಲ್ಲಿ ಸಿಗಡಿ ಸುಲಿಯುವುದು. ಇಪ್ಪತ್ತಾರು ವರ್ಷ ಐಸಿನಲ್ಲಿ ಅದ್ದಿದ ಬೆರಳುಗಳು ಪೆನ್ನು ಹಿಡಿಯಲು ಒಪ್ಪಲಿಲ್ಲ. ಹಾಗಾಗಿ ಅವಳು ಹೇಳಿದಳು, ಹೆಡ್ ಕಾನ್‌ಸ್ಟೆಬಲ್ ಬಚ್ಚ ಬರೆದುಕೊಂಡ.

"ದುಡ್ಡ್ ಕೊಟ್ಟ್ ಮನಿ ತಕಂಡಿದೆ ಸಾರ್. ಮನಿ ಇಲ್ಲೆ."

"ಇಲ್ಲೆ ಅಂದ್ರೆ? ಬೀಗ ಹಾಕಿತ್ತಾ?"

"ಬೀಗ ಹಾಕುಕೆ ಬಾಗ್ಲ್ ಬೇಕಲೆ! ಗ್ವಾಡಿಯೇ ಇಲ್ಲೆ. ಅಲ್ಲಿ ಕಡಲ್ ಇತ್ತ್."

ಬಚ್ಚ ಬರೆಯುವುದನ್ನು ನಿಲ್ಲಿಸಿ ಒಳಗಿನ ಕೋಣೆಯ ಕಡೆ ನೋಡಿದ. ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ಅವನು ಕೋಳಿ ಕದ್ದವರನ್ನು ಕಂಡಿದ್ದ, ಬಲೆ ಕದ್ದವರನ್ನು ಕಂಡಿದ್ದ. ಕಡಲಿನ ಮೇಲೆ ದೂರು ಬಂದದ್ದು ಇದೇ ಮೊದಲು.

ಸಬ್‌ಇನ್‌ಸ್ಪೆಕ್ಟರ್ ದೀಕ್ಷಿತಾ ಬ್ರಹ್ಮಾವರದವಳು. ನೌಕರಿಗೆ ಸೇರಿ ಮೂರು ವರ್ಷ, ಕೇಳುವುದು ಕಡಿಮೆ ಮಾತಿನಲ್ಲಿ. ವನಜ ಟ್ರಂಕಿನಿಂದ ಒಂದು ಫೋಟೊ ತೆಗೆದು ಅವಳ ಮೇಜಿನ ಮೇಲಿಟ್ಟಳು. ಜಾಗ ಮಾರುವ ವೆಬ್‌ಸೈಟಿನಲ್ಲಿ ವನಜಳ ಮಗಳು ನವ್ಯಶ್ರೀ ಕಂಡದ್ದು, ಮಾರುವವನು ಆಮೇಲೆ ದೊಡ್ಡದು ಮಾಡಿ ಕೊಟ್ಟದ್ದು. ಮರವಂತೆಯಲ್ಲಿ ಕಡಲಿನ ಪಕ್ಕ ಹತ್ತು ಸೆಂಟ್ಸ್ ಜಾಗ. ಅದರಲ್ಲಿ ಹೆಂಚಿನ ಮನೆ, ಸುಣ್ಣ ಬಳಿದ ಗೋಡೆ, ಕಟ್ಟೆಯಿದ್ದ ಬಾವಿ, ಐದು ತೆಂಗಿನಮರ, ತೊಳೆದಿಟ್ಟಂಥ ನೀಲಿ ಆಕಾಶ. ಬಲಗಡೆ ಅಂಚಿನಲ್ಲಿ ಕುಂಕುಮ ಹಚ್ಚಿದ ಒಂದು ಚಿಕ್ಕ ಕಲ್ಲು.

"ಮಾರಿದವನು ಯಾರು?"

"ಕಿಟ್ಟ. ನಾವುಂದದಂಗೆ ಫೋಟೊ ಸ್ಟುಡಿಯೋ ಇತ್ತಲೆ, ಅವ. ಕರಾರ್ ಮಾಡುಕೆ ಬೊಂಬಾಯಿಗೇ ಬಂದಿದ್ದ. ರಿಜಿಸ್ಟ್ರಿ ಮಳಿ ಕಳ್ದ್ಮೇಲೆ ಅಂದಿದ್ದ. ದುಡ್ಡ್ ಪೂರಾ ತಕಂಡ."

"ಒಂದು ಸಲ ಬಂದು ನೋಡಬಾರದಿತ್ತಾ ಅಕ್ಕ?"

"ರಜೆ ಹಾಕ್ರೆ ನನ್ ಜಾಗ್ಕೆ ಇನ್ನೊಬ್ಳ್ ಬತ್ಲ್. ಮತ್ತೆ ಇದ್ ಕಾಣಿ, ಬೊಬ್ಬರ್ಯನ ಕಲ್ಲ್. ದೈವ ಇಪ್ಪ ಜಾಗ್ದಂಗೆ ಮೋಸ ಮಾಡ್ತ್ರಾ ಅಂದೇಳಿ ಸಹಿ ಹಾಕ್ದೆ." ಬೊಬ್ಬರ್ಯ ಕಡಲಿಗಿಳಿಯುವವರ ದೈವ. ವನಜಳ ಅಪ್ಪನೂ ಅದಕ್ಕೆ ಕೈಮುಗಿದೇ ದೋಣಿ ಏರುತ್ತಿದ್ದವನು. "ಬೊಂಬಾಯಿಯ ಬಾಡಿಗಿ ಖೋಲಿ ಬಿಟ್ಟ್ ಬಂದಿದೆ ಅಮ್ಮ. ಊರಂಗೆ ನಂಗ್ ಯಾರೂ ಇಲ್ಲೆ. ಈ ಟ್ರಂಕ್ ಎಲ್ಲಿ ಇಡುದ್, ಅದೊಂದ್ ಹೇಳಿ."

ಅದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ಟ್ರಂಕನ್ನು ಸದ್ಯಕ್ಕೆ ಠಾಣೆಯ ಬೀರುವಿನ ಪಕ್ಕ ಇಡಿಸಿ, ಕಲಂ 420ರಡಿ ಎಫ್‌ಐಆರ್ ಹಾಕಿದರು. ವನಜ ಮಲಗಲು ಮಹಿಳಾ ಕಾನ್‌ಸ್ಟೆಬಲ್ ಒಬ್ಬಳು ತನ್ನ ಕೋಣೆಯಲ್ಲಿ ಚಾಪೆ ಹಾಸಿ ಕೊಟ್ಟಳು.

ಹನ್ನೆರಡು ಗಂಟೆಗೆ ಸ್ಥಳ ಮಹಜರು. ಮರವಂತೆಯಲ್ಲಿ ಹೆದ್ದಾರಿಗೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಕಡಲ ಬದಿ ಸರಕಾರ ಸುರಿದ ಕಪ್ಪು ಬಂಡೆಗಳು, ಬಂಡೆಗಳ ಸಂದಿಯಲ್ಲಿ ಅಡಿಪಾಯದ ಎರಡು ಸಾಲು ಕೆಂಪುಕಲ್ಲು, ಬಂಡೆಗಳ ಈಚೆ ಬದಿಗೆ ಬೊಬ್ಬರ್ಯನ ಕಲ್ಲು. ಟೇಪು ಹಿಡಿದರೆ ಎರಡೂವರೆ ಸೆಂಟ್ಸ್ ನೆಲ ಸಿಕ್ಕಿತು. ಪಹಣಿಯಲ್ಲಿ ಇನ್ನೂ ಹತ್ತೇ ಇತ್ತು. ಕಡಲು ಪಹಣಿ ಓದಿ ಬರುವುದಿಲ್ಲ ನೋಡಿ.

ನೆರೆಮನೆಯ ಸೂರನನ್ನು ಕರೆಸಿದರು. ಅರವತ್ತು ದಾಟಿದ ಮೀನುಗಾರ, ಬೊಬ್ಬರ್ಯನಿಗೆ ದೀಪ ಇಡುವವನು.

"ಕಿಟ್ಟನ ಮನೆ ಯಾವಾಗ ಹೋಯ್ತು?"

"ಈ ಮಳಿಗಾಲವೇ ಅಮ್ಮ. ಜೂನ್ ತಿಂಗ್ಳ್ ಕಡಲ್ ಜೋರ್ ಇದ್ದಿತ್."

ಇನ್ನೂ ಮೂರು ಮನೆಯವರನ್ನು ಕೇಳಿದರು. ಈ ಮಳಿಗಾಲವೇ, ಜೂನ್ ತಿಂಗ್ಳ್ ಕಡಲ್ ಜೋರ್ ಇದ್ದಿತ್. ನಾಲ್ಕು ಬಾಯಲ್ಲಿ ಒಂದೇ ವಾಕ್ಯ ಬಂದರೆ ಅದು ಬಾಯಿಪಾಠ ಎಂದು ತಿಳಿಯಲು ಪೊಲೀಸರೇ ಆಗಬೇಕಿಲ್ಲ. ಆದರೆ ಅನುಮಾನಕ್ಕೆ ಯಾರೂ ರುಜು ಹಾಕುವುದಿಲ್ಲವಲ್ಲ.

ಮೂರು ಗಂಟೆಗೆ ನಾವುಂದದ ಸ್ಟುಡಿಯೋ. ಕಿಟ್ಟ, ದಾಖಲೆಯಲ್ಲಿ ಕೃಷ್ಣ ಮೊಗವೀರ, ಮೂವತ್ತೆಂಟು ವರ್ಷ, ತೆಳ್ಳಗಿನ ಆಳು. ಮದುವೆ ಆಲ್ಬಮ್ ಮಾಡುತ್ತಿದ್ದ. ಬಿಡುವಿನಲ್ಲಿ ಕುಂದಾಪುರ, ಬ್ರಹ್ಮಾವರದ ಜಾಗದ ಬ್ರೋಕರುಗಳ ಫೋಟೊ ಚಂದ ಮಾಡಿಕೊಡುತ್ತಿದ್ದ.

"ಫೋಟೊ ತೆಗೆದದ್ದು ಯಾವಾಗ?"

"ಏಪ್ರಿಲ್."

"ಕರಾರು?"

"ಜೂನ್ ಎರಡ್. ಹದ್ನೆಂಟಕ್ಕೆ ಕಡಲ್ ಹೊಡೀತ್. ಕಡಲ್ ಮಾಡದ್ದಕ್ಕೆ ನಾ ಎಂತ ಮಾಡುದ್ ಮೇಡಂ?"

"ಫೋಟೊ ತಿದ್ದಿದ್ದೀಯ."

"ಆಕಾಶ ಬದ್ಲ್ ಮಾಡಿದೆ, ಸುಳ್ಳ್ ಹೇಳುದಿಲ್ಲೆ. ಅದ್ ಎಲ್ಲರೂ ಮಾಡ್ತ್ರ್." ಅವನು ಕಂಪ್ಯೂಟರಿನಲ್ಲಿ ಯಾರದೋ ಮನೆ ತೆರೆದು ತೋರಿಸಿದ. ಮೌಸು ಆಡಿದಂತೆ ಕರೆಂಟಿನ ತಂತಿ ಹೋಯಿತು, ಗೋಡೆಯ ಪಾಚಿ ಹೋಯಿತು, ಓರೆಯಾಗಿದ್ದ ಕಂಬ ನೆಟ್ಟಗಾಯಿತು, ಬೂದಿ ಬಣ್ಣದ ಆಕಾಶ ನೀಲಿಯಾಯಿತು. "ಈ ಊರಂಗೆ ಮಳಿಗಾಲದಂಗೆ ಆದ ಮದಿಗೆಲ್ಲ ಆಕಾಶ ನಂದೇ. ಅದ್ಕೂ ಕೇಸ್ ಹಾಕ್ತ್ರ್ಯಾ?"

ಬಚ್ಚ ನಕ್ಕುಬಿಟ್ಟ. ಅವನ ಮಗಳ ಮದುವೆಯೂ ಜುಲೈಯಲ್ಲೇ ಆದದ್ದು.

ಕಿಟ್ಟನ ಮಾತಿನಲ್ಲಿ ಹುರುಳಿತ್ತು. ಕರಾರಿನ ದಿನ ಮನೆ ನಿಂತಿದ್ದರೆ ಅದು ವನಜಳ ಗ್ರಹಚಾರ, ಅಪರಾಧವಲ್ಲ. ಆ ದಿನ ಮನೆ ಇರಲಿಲ್ಲ ಎಂದು ತೋರಿಸಬೇಕು. ಹೇಳಬಲ್ಲವರೆಲ್ಲ ಜೂನ್ ತಿಂಗ್ಳ್ ಎನ್ನುತ್ತಿದ್ದರು.

ಸಂಜೆ ಠಾಣೆಯಲ್ಲಿ ಬಚ್ಚ ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತ. ಐದು ತೆಂಗಿನಮರಗಳಲ್ಲಿ ಮೂರಕ್ಕೆ ಒಂದೇ ಜಾಗದಲ್ಲಿ ಒಂದೇ ಮಡಲು ಮುರಿದಿತ್ತು. "ಒಂದೇ ಬಸ್ರಂಗೆ ಹುಟ್ಟಿದ ಮರ," ಎಂದ. ಆದರೆ ಮರ ಜಾಸ್ತಿ ಮಾಡಿದ್ದಕ್ಕೆ ಯಾರನ್ನೂ ಜೈಲಿಗೆ ಕಳಿಸಲಾಗದು. ಇನ್ನೊಂದು ಗಳಿಗೆ ನೋಡಿ ಸಟ್ಟನೆ ಎದ್ದ.

"ಮೇಡಂ, ಈ ಕಲ್ಲಿನ ಬುಡ ಕಾಣಿ. ಸಿಮೆಂಟ್ ಹೊಸ್ತ್. ಬೊಬ್ಬರ್ಯನ ಕಲ್ಲ್ ತಲೆತಲಾಂತ್ರದ್ದ್. ಅದ್ಕೆ ಹೊಸ ಸಿಮೆಂಟ್ ಯಾಕೆ ಬಂತ್? ಇದನ್ನ ಎಲ್ಲಿಂದ್ಲೋ ತಂದ್ ಕೂರ್ಸಿದ್ದ್."

"ಅದರಿಂದ ಏನು?"

"ನಾವ್ ಮನಿ ಸುದ್ದಿ ಕೇಂಬುದ್ ಬೇಡ. ಕಲ್ಲಿನ ಸುದ್ದಿ ಕೇಂಬ."

ಬಚ್ಚನೂ ಮೀನುಗಾರರ ಮನೆಯವನೇ. ದೀಕ್ಷಿತಾ ಹೆಚ್ಚು ಕೇಳಲಿಲ್ಲ.

25ರ ಬೆಳಿಗ್ಗೆ ಏಳು ಗಂಟೆಗೆ ಸೂರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಬಚ್ಚ ಚಪ್ಪಲಿ ದೂರ ಬಿಟ್ಟು ಬಂದು ಕೈಮುಗಿದು, ಆಮೇಲೆ ಕರೆದ.

"ಹ್ವಾಯ್ ಸೂರಣ್ಣ, ಈ ಕಲ್ಲ್ ಇಲ್ಲಿಗೆ ತಂದದ್ದ್ ಯಾವಾಗ?"

ಸೂರ ಹೆಗಲ ಬೈರಾಸು ತೆಗೆದು ಕಂಕುಳಲ್ಲಿಟ್ಟ. ಕಲ್ಲನ್ನು ನೋಡಿದ, ಬಚ್ಚನನ್ನು ನೋಡಿದ.

"ಇಲ್ಲೇ ಕೇಣ್ಕಾ ಮರಾಯ ನೀನ್?"

"ಇಲ್ಲೇ."

"ಹೋದ್ ವರ್ಷ ಡಿಸೆಂಬರ್ ಹನ್ನೊಂದ್, ಆಯ್ತವಾರ. ಮುಂಚೆ ಪಡು ಬದಿಗ್, ಕಡಲ್ ಹತ್ರ ಕಿಟ್ಟನ ಮನಿ ಮರೆಯಂಗೆ ಇದ್ದಿತ್. ಇಲ್ಲಿಗೆ ತಂದದ್ದ್."

"ಯಾಕೆ?"

"ಕಿಟ್ಟನ ಮನಿ ಇಪ್ಪಲ್ಲಿವರಿಗೆ ಅದ್ ಕಲ್ಲಿಗೆ ಆಸ್ರ ಇದ್ದಿತ್. ಹೋದ್ ವರ್ಷ ಜುಲೈಯಂಗೆ ಮನಿ ಪೂರಾ ಹೋಯ್ತ್. ಮತ್ತೆ ದೈವನ್ ಹಾಂಗೇ ಬಿಡುಕಾತ್ತಾ? ಮನಿ ಇಪ್ಪ ಹೊತ್ತಿಗೆ ಕಲ್ಲ್ ಇಲ್ಲಿ ಇಲ್ಲೆ, ಕಲ್ಲ್ ಬಪ್ಪ ಹೊತ್ತಿಗೆ ಮನಿ ಇಲ್ಲೆ."

ದೀಕ್ಷಿತಾ ಫೋಟೊ ಹಿಡಿದಳು. ಅದರಲ್ಲಿ ಎರಡೂ ಇದ್ದವು.

"ನಿನ್ನೆ ಯಾಕೆ ಸುಳ್ಳು ಹೇಳಿದ್ದು?"

"ನಮ್ದೂ ಮನಿ ಹೋಪುಕ್ ಆಯ್ತಲೆ ಅಮ್ಮ. ನಮ್ಗೂ ಜಾಗ ಮಾರುಕೆ ಒಂದ್ ಪಟ ಮಾಡಿ ಕೊಡ್ತೆ ಅಂದೇಳಿ ಕಿಟ್ಟ ಅಂದಿದ್ದ. ನಿನ್ನೆ ನೀವ್ ಮನಿ ಸುದ್ದಿ ಕೇಂಡ್ರಿ, ಹೇಳ್ದೆ. ಇವತ್ ಇದ್ರ ಎದ್ರಿಗ್ ಕೇಂಡ್ರಿ. ಇಲ್ಲಿ ಸುಳ್ಳ್ ಹೇಳುಕ್ ಆತ್ತಿಲ್ಲೆ."

26ರಂದು ಮಧ್ಯಾಹ್ನ ಎರಡಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಟುಡಿಯೋದ ಕಂಪ್ಯೂಟರ್ ತೆರೆಸಿದರು. ಕುಂದಾಪುರದಿಂದ ಬಂದ ಕಂಪ್ಯೂಟರ್ ಮೇಷ್ಟ್ರು ಮೂಲ ಫೈಲು ಹುಡುಕಿ ಕೊಟ್ಟರು. ಅದು ಪದರ ಪದರವಾಗಿ ಮಾಡಿದ ಚಿತ್ರ. ದೀಪ ಆರಿಸಿದಂತೆ ಒಂದೊಂದೇ ಪದರ ಆರಿಸುತ್ತ ಹೋದರು, ಬಚ್ಚ ಪಂಚನಾಮೆ ಬರೆಯುತ್ತ ಹೋದ. ಆಕಾಶ ಆರಿಸಿದಾಗ ಮೋಡ ಬಂತು. ಮರ ಆರಿಸಿದಾಗ ಬಯಲಾಯಿತು. ಬಾವಿ ಹೋಯಿತು, ಹೆಂಚು ಹೋಯಿತು, ಗೋಡೆ ಹೋಯಿತು. ಕೊನೆಗೆ ಉಳಿದದ್ದು ಬಂಡೆ, ನೊರೆ, ಎರಡು ಸಾಲು ಕೆಂಪುಕಲ್ಲು ಮತ್ತು ಬೊಬ್ಬರ್ಯ. ತಿಂಗಳುಗಟ್ಟಲೆ ಕೂತು ಕಟ್ಟಿದ ಮನೆ ಹತ್ತು ನಿಮಿಷದಲ್ಲಿ ಎರಡನೇ ಸಲ ಬಿತ್ತು. ಕಿಟ್ಟ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ, ಪಾಪ.

"ಇಷ್ಟೆಲ್ಲ ಅಳಿಸಿದವನು ಕಲ್ಲು ಯಾಕೆ ಬಿಟ್ಟೆ?"

"ಅಳ್ಸುಕ್ ಹೋಯಿದೆ ಮೇಡಂ. ಕೈ ಬರ್ಲಿಲ್ಲೆ. ನಮ್ಮಜ್ಜ ದೀಪ ಇಟ್ಟ ಕಲ್ಲ್. ಮೌಸ್ ಹಿಡ್ದ್ ದೈವನ್ ಅಳ್ಸುದಾ?"

ಬಚ್ಚ ತಲೆಯಾಡಿಸಿದ. ಬೇರೆ ಊರಿನವನಾಗಿದ್ದರೆ ಒಂದು ಒರೆಸಿಗೆ ಒರೆಸಿ ಬಿಡುತ್ತಿದ್ದ, ಸಿಕ್ಕಿಬೀಳುತ್ತಲೂ ಇರಲಿಲ್ಲ.

ದೀಕ್ಷಿತಾ ಫೈಲಿನ ತಾರೀಖು ನೋಡುತ್ತಿದ್ದಳು. ಜಾಹೀರಾತು ಹಾಕಿದ್ದು ಮೇ ಒಂಬತ್ತಕ್ಕೆ. ಈ ಚಿತ್ರ ಶುರುವಾದದ್ದು ಜನವರಿ ಹದಿನಾಲ್ಕಕ್ಕೆ. ಅದಕ್ಕೂ ಹಿಂದೆ, ಕಳೆದ ಆಗಸ್ಟಿನಿಂದಲೂ, ಅದೇ ಮನೆಯ ಬೇರೆ ಬೇರೆ ಚಿತ್ರಗಳು.

"ಮಾರುವ ಯೋಚನೆ ಮೇಯಲ್ಲಿ. ಅಲ್ಲಿಯವರೆಗೆ ಇದೆಲ್ಲ ಯಾರಿಗೆ ಮಾಡಿದ್ದು?"

ಕಿಟ್ಟ ಕುರ್ಚಿ ಹಿಡಿದು ಕೂತ. ಬಚ್ಚ ನೀರು ಕೊಟ್ಟ. ಅರ್ಧ ಲೋಟ ಕುಡಿದ ಮೇಲೆ ಬಾಯಿ ಬಿಟ್ಟ.

"ಅಬ್ಬಿಗೆ, ನನ್ ಹೆತ್ತವ್ಳಿಗೆ. ಸೊಂಟ ಮುರ್ಕಂಡ್ ಆಸ್ಪತ್ರೆಯಂಗೆ ಇಪ್ಪ ಹೊತ್ತಿಗೆ ಮನಿ ಹೋಯ್ತ್. ಇಲ್ಲಿ ನಾವುಂದದಂಗೆ ಬಾಡಿಗಿ ಮನ್ಯಂಗೆ ಮಲ್ಕಂಡಲ್ಲೇ ದಿನಾ ಕೇಂತ್ಲ್, ಮನಿ ಹ್ಯಾಂಗೆ ಇತ್ತ್ ಮಗಾ ಅಂದೇಳಿ. ಹೇಳುಕೆ ನಾಲ್ಗಿ ಬರ್ಲಿಲ್ಲೆ. ಪಟ ಮಾಡಿ ತೋರ್ಸ್ದೆ. ಸುಣ್ಣ ಹೊಡ್ಸಿದೆ ಅಂದೆ, ಹೆಂಚ್ ಬದ್ಲ್ಸಿದೆ ಅಂದೆ. ತಿಂಗ್ಳಿಗೊಂದ್ ಹೊಸ ಪಟ. ಮತ್ತೆ ಏಪ್ರಿಲ್‌ದಂಗೆ ಬಾಡಿಗಿ ಮನಿ ಒಡೆಯ ಮನಿ ಮಾರ್ತೆ, ಬಿಡಿ ಅಂದ. ಮಲ್ಕಂಡವ್ಳನ್ನ ಹೊತ್ಕಂಡ್ ಎಲ್ಲಿಗ್ ಹೋಪುದ್? ಬೊಂಬಾಯಿಯೋರ್ ಜಾಗ ತಕಂಡ್ ಸುಮ್ನೆ ಇಡ್ತ್ರ್, ಬಂದ್ ಇಪ್ಪುದಿಲ್ಲೆ ಅಂದೇಳಿ ಮಾಡ್ದೆ. ಆ ದುಡ್ಡಂಗೆ ಬಾಡಿಗಿ ಮನಿಯೇ ತಕಂಡೆ."

ನಾಲ್ಕೂ ಹತ್ತಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಎಫ್‌ಐಆರಿಗೆ ಖೋಟಾ ದಾಖಲೆಯ ಕಲಂ 468, 471 ಸೇರಿತು.

ಠಾಣೆಯಲ್ಲಿ ವನಜ ಟ್ರಂಕಿನ ಮೇಲೆ ಕೂತೇ ಎಲ್ಲ ಕೇಳಿದಳು. ಅವಳಿಗೆ ಸಿಟ್ಟು ಕಡಿಮೆಯಾಗಲಿಲ್ಲ, ಯಾಕೆ ಆಗಬೇಕು?

"ಆ ಅಬ್ಬಿಗೆ ಹೇಳಿದ್ರ್ಯಾ?"

"ಇನ್ನೂ ಇಲ್ಲ."

"ಹೋಯಿ ಹೇಳಿ. ನಂಗೆ ಯಾರೂ ಹೇಳ್ಲಿಲ್ಲೆ."

ದೀಕ್ಷಿತಾ ಆ ಸಂಜೆಯೇ ಹೋದಳು. ಎರಡು ಕೋಣೆಯ ಚಿಕ್ಕ ಮನೆ. ಮಂಚದ ಮೇಲೆ ಕಿಟ್ಟನ ತಾಯಿ ಸುಗಂಧಿ, ಎಪ್ಪತ್ತೆರಡು ವರ್ಷ. ಗೋಡೆಗೆ ಸಾಲಾಗಿ ಹದಿಮೂರು ಫೋಟೊ. ದೀಕ್ಷಿತಾ ಮಂಚದ ಪಕ್ಕ ಕೂತು ವಿಷಯ ಹೇಳಿದಳು.

"ಗೊತ್ತಿತ್ತ್ ಅಮ್ಮ," ಎಂದಳು ಸುಗಂಧಿ. "ಆ ಬಾವಿ ಕಾಣಿ. ನಾ ಬೀಳುಕ್ ಒಂದ್ ವರ್ಷ ಮುಂಚೆ ನನ್ ಕಣ್ಣೆದ್ರಿಗೇ ಕಡಲಿಗ್ ಹೋಯ್ತ್. ಅವ ಪಟದಂಗೆ ಬಾವಿ ತಂದ್ ಇಟ್ಟತ್ತಿಗೇ ಮನಿಯೂ ಇಲ್ಲೆ ಅಂದೇಳಿ ತಿಳ್ದೆ."

"ಮತ್ತೆ ದಿನಾ ಕೇಳುತ್ತಿದ್ದದ್ದು?"

"ಕೇಂಡ್ರೆ ಅವನ ಮೋರೆ ಅರಳ್ತಿದ್ದಿತ್. ಹೊಸ ಪಟ ಹಿಡ್ಕಂಡ್ ಮಗು ಹಾಂಗೆ ಓಡಿ ಬತ್ತಿದ್ದ. ಅವನ ಖುಷಿಗೆ ನಾ ಕೇಂಡೆ, ನನ್ ಖುಷಿಗೆ ಅವ ಮಾಡ್ದ." ಮುದುಕಿ ಗೋಡೆಯ ಕೊನೆಯ ಫೋಟೊ ಕಡೆ ತಿರುಗಿದಳು. "ಒಂದ್ ದಿನ ಬಾಯಿ ಬಿಟ್ಟ್ ಹೇಳಿದ್ರೆ ಅಲ್ಲಿಗೇ ನಿಲ್ತಿದ್ದಿತ್ತಲ್ಲೆ. ಆ ಹೆಂಗ್ಸ್ ಈಗ ಎಲ್ಲಿ ಇತ್ತ್?"

"ಠಾಣೆಯಲ್ಲಿ."

"ಇದ್ ಅವಳ ದುಡ್ಡಿನ ಮನಿ. ಎರಡ್ ಕೋಣಿ ಇತ್ತ್. ಬಪ್ಪುಕ್ ಹೇಳಿ."

ಹೇಳಿದ್ದಕ್ಕೆ ವನಜ ಎರಡು ದಿನ ಬೈದಳು. ಕಳ್ಳನ ಅಬ್ಬಿ ಮನ್ಯಂಗೆ ನಾನ್ ಇಪ್ಪುದಾ ಎಂದಳು. ಮೂರನೇ ದಿನ, ಮನಿ ನನ್ ದುಡ್ಡಿಂದೇ ಅಲ್ದಾ ಎಂದು ಎದ್ದಳು, ಬಚ್ಚ ಟ್ರಂಕನ್ನು ರಿಕ್ಷಾಕ್ಕೆ ಹಾಕಿಕೊಟ್ಟ. ಮಗ ಜೈಲಿಗೆ ಹೋದ ಮೇಲೆ ಮುದುಕಿಗೆ ಗಂಜಿ ಹಾಕುವವರು ಯಾರೂ ಇರಲಿಲ್ಲ ಎನ್ನುವುದು ಅವಳಿಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಗಂಜಿ ಬೇಯಿಸುವಾಗಲೂ ಬೈಯುತ್ತಿದ್ದಳಂತೆ.

ಡಿಸೆಂಬರಿನಲ್ಲಿ ಆರೋಪಪಟ್ಟಿ ಕೋರ್ಟಿಗೆ ಹೋಯಿತು. ಹತ್ತು ದಿನಕ್ಕೆ ಕೋರ್ಟಿನ ಕಚೇರಿಯಿಂದ ಆಕ್ಷೇಪಣೆ ಬಂತು: ಫಿರ್ಯಾದಿಯ ವಿಳಾಸವೂ ಆರೋಪಿಯ ವಿಳಾಸವೂ ಒಂದೇ ಆಗಿದೆ, ತಪ್ಪನ್ನು ಸರಿಪಡಿಸಿ ಕಳುಹಿಸುವುದು. ದೀಕ್ಷಿತಾ ಬಚ್ಚನನ್ನು ನಾವುಂದಕ್ಕೆ ಕಳಿಸಿದಳು. ಅವನು ಹೋಗಿ, ಚಾ ಕುಡಿದು, ಬೈಸಿಕೊಂಡು ಬಂದ. ಆಮೇಲೆ ಅವಳು ಆ ಹಾಳೆಯ ಕೆಳಗೆ ಹೀಗೆ ಬರೆದು ರುಜು ಹಾಕಿದಳು: ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಲಾಗಿದೆ, ವಿಳಾಸ ಸರಿಯಿದೆ.